ಬಾಖನ ಫ್ಯೂಗ್ ಮತ್ತು ಅನಗೋಳದ ಶ್ರೋತೃ

ಬಾಖನ (1685–1750) ಫ್ಯೂಗುಗಳು ಬರಿಯ ಗಣಿತವೆಂಬ ದೂರನ್ನು ನಾವು ಒಪ್ಪೆವು. ಹಾರ್ಮೋನಿಯಂ ವಾದಕ ರಾಮಭಾವು ಬಿಜಾಪುರೆಯವರು (1917–2010) ಬಾಳಿದ ಬೆಳಗಾವಿಯಲ್ಲಿ, ಅನಗೋಳದ ಸಾಮಾನ್ಯ ಶ್ರೋತೃವಿನ ಕಿವಿಯೂ ಇವಕ್ಕೆ ಅರ್ಧ ಸಿದ್ಧವಾಗಿಯೇ ಇದೆ. ಗಾಯಕನ ಸ್ವರವಾಕ್ಯವನ್ನು ಹಾರ್ಮೋನಿಯಂ ಹಿಂಬಾಲಿಸುವುದನ್ನು ಅದು ಬಲ್ಲುದು. 1722ರ ‘ವೆಲ್‌-ಟೆಂಪರ್ಡ್ ಕ್ಲೇವಿಯರ್’ ಸಂಗ್ರಹದ ಸಿ ಮೈನರ್ ಫ್ಯೂಗಿನಲ್ಲಿಯೂ ನಡುವಣ ಧ್ವನಿ ನುಡಿದ ವಾಕ್ಯವನ್ನು ಮೇಲಣ ಧ್ವನಿ ಪಂಚಮದ ಅಂತರದಲ್ಲಿ ನುಡಿಯುತ್ತದೆ, ತರುವಾಯ ಮಂದ್ರ. ಆದರೆ ಸಾಥಿಯ ಹಾರ್ಮೋನಿಯಂ ಅನುಚರ. ಇಲ್ಲಿ ಉತ್ತರ ಕೊಡುವ ಧ್ವನಿ ಸರಿಸಮಾನ. ಮೊದಲು ನುಡಿದುದೂ ಸುಮ್ಮನಾಗದೆ ಅವರೋಹದ ಓಟವೊಂದನ್ನು ಹೊಸದಾಗಿ ತೊಡಗುತ್ತದೆ. ಮೂಲವಾಕ್ಯ ಎಷ್ಟು ಸಲ ಬಂದಿತೆಂದು ಎಣಿಸಿರೆನ್ನುವ ಬೋಧನಕ್ರಮ ನಮಗೆ ರುಚಿಸದು. ಎಣಿಕೆ ಪರೀಕ್ಷೆಗೆ ಸಾಕು, ರಸಕ್ಕೆ ಸಾಲದು. ಎರಡನೆಯ ಧ್ವನಿ ಪ್ರವೇಶಿಸಿದೊಡನೆ ವಿದ್ಯಾರ್ಥಿಯು ಅದನ್ನು ಬಿಟ್ಟು, ಮೊದಲನೆಯದು ಎತ್ತ ಹೋಯಿತೆಂದು ಕೇಳಲಿ.