ಬಂದೂಕು ಹಿಡಿದ ಅಹಿಂಸಾವಾದಿ: ‘ಟ್ರೈಗನ್’ ಸರಣಿಯ ನೈತಿಕ ಸಂಘರ್ಷ

ಅಮೆರಿಕದ ‘ವೆಸ್ಟರ್ನ್’ ಚಿತ್ರಪ್ರಕಾರದಲ್ಲಿ ಶಾಂತಿವಾದಿಗೆ ಬಹುಮಟ್ಟಿಗೆ ಗೊತ್ತುಪಡಿಸಿದ ಸ್ಥಾನವೊಂದಿದೆ. ಕಾನೂನು ಇನ್ನೂ ಬೇರೂರದ ಊರಿಗೆ ದುಷ್ಟರು ಬರುತ್ತಾರೆ. ಆಯುಧವನ್ನು ನಿರಾಕರಿಸಿದವರು ಕೊನೆಗೆ ಆಯುಧವನ್ನು ಎತ್ತಿಕೊಳ್ಳುತ್ತಾರೆ. ಅಲ್ಲಿಗೆ ಅವರ ನಂಬಿಕೆ ನಿರುಪಯುಕ್ತವೆಂದು ಸಿದ್ಧವಾಗುತ್ತದೆ. ಫ್ರೆಡ್ ಜಿನ್ನೆಮನ್ ನಿರ್ದೇಶನದ ‘ಹೈ ನೂನ್’ (1952) ಇದಕ್ಕೆ ಪ್ರಸಿದ್ಧ ನಿದರ್ಶನ. ತಂದೆ ಮತ್ತು ಸೋದರನ ಹತ್ಯೆಯನ್ನು ಕಂಡು ಕ್ವೇಕರ್ ಪಂಥಕ್ಕೆ ಸೇರಿದ ಏಮಿ, ಗಂಡನನ್ನು ಉಳಿಸಲು ಶತ್ರುವಿನ ಬೆನ್ನಿಗೆ ಗುಂಡು ಹಾರಿಸುತ್ತಾಳೆ. ಆ ಗುಂಡಿನ ಅನಂತರ ಅವಳ ಅಂತರಂಗದಲ್ಲಿ ಏನಾಯಿತೆಂಬುದನ್ನು ಚಿತ್ರ ವಿಚಾರಿಸುವುದಿಲ್ಲ. ಈ ಮೌನವನ್ನೇ ಕಥಾವಸ್ತುವಾಗಿ ವಿಸ್ತರಿಸಿದ ಕೃತಿಯೆಂಬ ಕಾರಣಕ್ಕೆ ಜಪಾನಿನ ‘ಟ್ರೈಗನ್’ ವಿಮರ್ಶೆಯ ಗಮನಕ್ಕೆ ಅರ್ಹವಾಗಿದೆ.

ಯಾಸುಹಿರೊ ನೈಟೊ ಅವರ ಈ ಚಿತ್ರಕಥನ 1995ರಲ್ಲಿ ಆರಂಭವಾಗಿ, ಮುಂದೆ ‘ಟ್ರೈಗನ್ ಮ್ಯಾಕ್ಸಿಮಮ್’ ಎಂಬ ಹೆಸರಿನಲ್ಲಿ 2007ರವರೆಗೆ ನಡೆಯಿತು. ಅದನ್ನು ಆಧರಿಸಿ ಮ್ಯಾಡ್‌ಹೌಸ್ ಸಂಸ್ಥೆ ನಿರ್ಮಿಸಿದ, ಸತೋಶಿ ನಿಶಿಮುರ ನಿರ್ದೇಶನದ 26 ಕಂತುಗಳ ಆನಿಮೇಷನ್ ಸರಣಿ 1998ರಲ್ಲಿ ಪ್ರಸಾರವಾಯಿತು. ಇಲ್ಲಿನ ವಿವೇಚನೆ ಮುಖ್ಯವಾಗಿ ಈ ಸರಣಿಗೆ ಸಂಬಂಧಿಸಿದ್ದು. ಭೂಮಿಯನ್ನು ತೊರೆದ ಮನುಷ್ಯರ ನೌಕೆಗಳು ಮರಳುಗಾಡಿನ ಗ್ರಹವೊಂದಕ್ಕೆ ಅಪ್ಪಳಿಸಿವೆ. ಬದುಕುಳಿದವರ ಊರುಗಳು ‘ಪ್ಲಾಂಟ್’ ಎಂಬ ಶಕ್ತಿಮೂಲಗಳನ್ನು ಆಶ್ರಯಿಸಿ ನಿಂತಿವೆ. ಕಥಾನಾಯಕ ವಾಶ್‌ನ ತಲೆಗೆ 6,000 ಕೋಟಿ ಡಬಲ್ ಡಾಲರ್ ಬಹುಮಾನವಿದೆ. ಜುಲೈ ಎಂಬ ನಗರದ ವಿನಾಶ ಅವನ ಹೆಸರಿಗೆ ಅಂಟಿಕೊಂಡಿದೆ. ಅಂಥವನು ಯಾರನ್ನೂ ಕೊಲ್ಲುವುದಿಲ್ಲವೆಂಬ ವ್ರತವನ್ನು ಹಿಡಿದವನು. ಅಸಾಮಾನ್ಯ ಗುರಿಕಾರನಾದ ಅವನು ತನ್ನ ಕೌಶಲವನ್ನೆಲ್ಲ ಎದುರಾಳಿಯ ಪ್ರಾಣ ಉಳಿಸುವುದಕ್ಕೇ ವ್ಯಯಿಸುತ್ತಾನೆ.

ಆರಂಭದ ಕಂತುಗಳಲ್ಲಿ ಈ ವ್ರತ ಹಾಸ್ಯದ ವೇಷದಲ್ಲಿ ಬರುತ್ತದೆ. ಒಂದು ಕಂತಿನಲ್ಲಿ ಪ್ಲಾಂಟ್ ಕೆಟ್ಟು ಕಂಗಾಲಾದ ಊರಿನ ಜನರೇ ಬಹುಮಾನದ ಆಸೆಯಿಂದ ಬಂದೂಕು ಹಿಡಿದು ವಾಶ್‌ನ ಬೆನ್ನಟ್ಟುತ್ತಾರೆ. ಅದೇ ಬೇಟೆಗೆ ನೆಬ್ರಾಸ್ಕಾ ಎಂಬ ದುಷ್ಟ ತಂದೆ-ಮಗನೂ ಬಂದು ಸೇರುತ್ತಾರೆ. ‘ಒಳ್ಳೆಯ ಊರು, ಕೆಟ್ಟ ಹೊರಗಿನವರು’ ಎಂಬ ವೆಸ್ಟರ್ನ್‌ನ ಸರಳ ವಿಭಜನೆ ಇಲ್ಲಿ ಕುಸಿಯುತ್ತದೆ. ಬಡತನದಿಂದ ಆಯುಧ ಎತ್ತಿದವನನ್ನೂ ದುರಾಸೆಯಿಂದ ಎತ್ತಿದವನನ್ನೂ ವಾಶ್ ಕೊಲ್ಲಲೊಲ್ಲ. ಹಾಸ್ಯದ ಮರೆಯಲ್ಲಿ ಇರುವುದಾದರೂ ನೋವೇ: ಅವನ ಮೈತುಂಬ ಗಾಯದ ಕಲೆಗಳಿವೆ. ತಾನು ಕೊಡದ ಪೆಟ್ಟುಗಳ ಬೆಲೆಯನ್ನು ತನ್ನ ದೇಹದಲ್ಲಿಯೇ ತೆತ್ತವನು ಅವನು.

ಈ ನಿಲುವಿಗೆ ಗಂಭೀರ ಪ್ರತಿವಾದ ಬರುವುದು ದುಷ್ಟರಿಂದಲ್ಲ, ಗೆಳೆಯನಿಂದ. ಶಿಲುಬೆಯ ಆಕಾರದ ಆಯುಧವನ್ನು ಹೊತ್ತು ತಿರುಗುವ ಪಾದ್ರಿ ವುಲ್ಫ್‌ವುಡ್, ವಾಶ್‌ಗೆ ಗುರಿಯಿಟ್ಟ ಜ಼ಾಜ಼ಿ ಎಂಬ ಬಾಲಕನನ್ನು ಕೊಂದುಬಿಡುತ್ತಾನೆ. ಎಲ್ಲರನ್ನೂ ಉಳಿಸಲಾಗದ ಲೋಕದಲ್ಲಿ ಯಾರನ್ನು ಉಳಿಸಬೇಕೆಂದು ಆರಿಸಲೇಬೇಕೆಂಬುದು ಅವನ ವಾದದ ತಿರುಳು. ಕೃತಿ ಈ ವಾದವನ್ನು ತಳ್ಳಿಹಾಕುವುದಿಲ್ಲ. ಮುಂದೆ ವುಲ್ಫ್‌ವುಡ್ ತನ್ನ ಗುರು ಚಾಪೆಲ್‌ನನ್ನು ಸೋಲಿಸಿಯೂ ಕೊಲ್ಲದೆ ಬಿಡುತ್ತಾನೆ; ಲೆಗಾಟೊ ಎಂಬವನ ಮನೋಶಕ್ತಿಗೆ ವಶನಾದ ಅದೇ ಗುರುವಿನ ಗುಂಡಿಗೆ ಬಲಿಯಾಗುತ್ತಾನೆ. ಅಹಿಂಸೆಯ ದಾರಿ ಹಿಡಿದವನಿಗೆ ರಕ್ಷಣೆಯ ಭರವಸೆಯನ್ನು ಈ ಕೃತಿ ಎಲ್ಲಿಯೂ ಕೊಡುವುದಿಲ್ಲ ಎಂಬುದು ಅದರ ಪ್ರಾಮಾಣಿಕತೆಗೆ ಸಾಕ್ಷಿ.

ಸಂಘರ್ಷದ ತುದಿ ಇರುವುದು ಲೆಗಾಟೊನ ಪ್ರಸಂಗದಲ್ಲಿ. ಅವನು ಜನರ ದೇಹಗಳನ್ನು ವಶಪಡಿಸಿಕೊಂಡು, ವಾಶ್‌ನ ಒಡನಾಡಿಗಳಾದ ಮೆರಿಲ್ ಮತ್ತು ಮಿಲಿಯವರನ್ನು ಅವರ ಕೈಯಿಂದಲೇ ಕೊಲ್ಲಿಸಲು ಹೊರಡುತ್ತಾನೆ. ಅದನ್ನು ತಡೆಯಲು ಉಳಿದ ಮಾರ್ಗ ಅವನ ವಧೆಯೊಂದೇ. ವಾಶ್ ಗುಂಡು ಹಾರಿಸುತ್ತಾನೆ. ಹೊರನೋಟಕ್ಕೆ ಇದು ಏಮಿಯ ಗುಂಡೇ. ಆದರೆ ‘ಹೈ ನೂನ್’ನಲ್ಲಿ ಆ ಗುಂಡು ಸಮಸ್ಯೆಯ ಪರಿಹಾರ, ಇಲ್ಲಿ ಅದು ಕೊಲ್ಲಿಸಿಕೊಂಡವನ ಗೆಲುವು, ಏಕೆಂದರೆ ವಾಶ್‌ನ ವ್ರತಭಂಗವೇ ಲೆಗಾಟೊನ ಉದ್ದೇಶವಾಗಿತ್ತು. ಅನಿವಾರ್ಯವಾದದ್ದೆಲ್ಲ ನ್ಯಾಯವಾದದ್ದಲ್ಲ ಎಂಬ ಸೂಕ್ಷ್ಮವನ್ನು ಕೃತಿ ಈ ಮೂಲಕ ಕಾಯ್ದುಕೊಳ್ಳುತ್ತದೆ. ಸಂದರ್ಭ ಬೇರೆಯಾದರೂ ಮೂಲ ಚಿತ್ರಕಥನದಲ್ಲಿಯೂ ವಾಶ್ ಲೆಗಾಟೊನನ್ನು ಕೊಲ್ಲಬೇಕಾಗುತ್ತದೆ.

ಕೃತಿಯ ಮಿತಿಯನ್ನೂ ಇಲ್ಲಿ ಗುರುತಿಸಬೇಕು. ವಾಶ್ ಮನುಷ್ಯನಲ್ಲ; ಪ್ಲಾಂಟ್‌ಗಳ ಕುಲಕ್ಕೆ ಸೇರಿದ, ದೀರ್ಘಾಯುಷಿಯಾದ ಜೀವಿ. ಗುಂಡನ್ನು ಗುಂಡಿನಿಂದ ತಡೆಯಬಲ್ಲವನಿಗೆ ಸಾಧ್ಯವಾಗುವ ಅಹಿಂಸೆ ಸಾಮಾನ್ಯರಿಗೆ ದಕ್ಕೀತೇ ಎಂಬ ಆಕ್ಷೇಪ ಸಹಜ. ಇದಕ್ಕೆ ಸರಣಿಯ ಉತ್ತರ ನಾಯಕನಲ್ಲಿಲ್ಲ, ಮೆರಿಲ್‌ಳಲ್ಲಿದೆ. ವಿಮಾ ಸಂಸ್ಥೆಯ ನೌಕರಳಾಗಿ, ವಾಶ್‌ನಿಂದಾಗುವ ನಷ್ಟವನ್ನು ತಗ್ಗಿಸಲು ಬಂದವಳು ಅವಳು. ಕೊನೆಯ ಕಂತುಗಳಲ್ಲಿ ಕುಗ್ಗಿಹೋದ ವಾಶ್‌ನ ಮೇಲೆ ಜನ ಸೇಡಿಗೆ ಬಂದಾಗ, ತನ್ನ ಬಂದೂಕನ್ನು ಬಳಸದೆ ದೇಹವನ್ನೇ ಅಡ್ಡವಾಗಿಟ್ಟು ನಿಲ್ಲುತ್ತಾಳೆ. ಯಾವ ಅತಿಮಾನುಷ ಶಕ್ತಿಯೂ ಇಲ್ಲದವಳ ಈ ನಿಲುವಿನಲ್ಲಿ ಅಹಿಂಸೆ ಕೌಶಲದ ಹಂಗನ್ನು ಕಳಚಿಕೊಂಡು ಮನುಷ್ಯರ ಅಳತೆಗೆ ಇಳಿಯುತ್ತದೆ. ಮನುಕುಲವನ್ನೇ ಅಳಿಸಹೊರಟ ಸೋದರ ನೈವ್ಸ್‌ನನ್ನು ಅಂತಿಮ ಕಾಳಗದಲ್ಲಿ ಕೊಲ್ಲದೆ ಹೊತ್ತು ತರುವ ಬಲ ವಾಶ್‌ಗೆ ಮರಳುವುದು ಇದರ ಅನಂತರವೇ. ವ್ರತ ಒಮ್ಮೆ ಮುರಿದರೆ ಅಲ್ಲಿಗೇ ಮುಗಿಯಿತೆಂದು ‘ಹೈ ನೂನ್’ನ ಮಾದರಿ ಭಾವಿಸುತ್ತದೆ, ಮುರಿದದ್ದನ್ನು ಮತ್ತೆ ಕೈಗೆತ್ತಿಕೊಳ್ಳಬಹುದೆಂಬುದು ‘ಟ್ರೈಗನ್’ ಆ ಮಾದರಿಗೆ ಕೊಟ್ಟ ಉತ್ತರ.