ಮೂರು ಸಂಪುಟಗಳ ವ್ಯಾಮೋಹ

ಕಾಲಯಂತ್ರದ ಕಾದಂಬರಿಗಳಲ್ಲಿ ಯಾವುದನ್ನು ಮೊದಲು ಓದಬೇಕೆಂಬ ವಿಚಾರವನ್ನು ಈ ವಾರ ಎತ್ತಿಕೊಳ್ಳುವೆನೆಂದು ಮಾತು ಕೊಟ್ಟಿದ್ದುಂಟು. ಆದರೆ ಉತ್ತರವು ಎಚ್. ಜಿ. ವೆಲ್ಸ್ ಅವರ 1895ರ ಕೃತಿ ಎಂಬಷ್ಟರಲ್ಲೇ ಮುಗಿದುಹೋಗುವುದರಿಂದ, ಉಳಿದ ಸ್ಥಳವನ್ನು ನನ್ನ ಹಳೆಯ ವ್ಯಾಜ್ಯವೊಂದಕ್ಕೆ ವಿನಿಯೋಗಿಸಲು ವಾಚಕರು ಅಪ್ಪಣೆ ಕೊಡುವರೆಂದು ನಂಬಿದ್ದೇನೆ.

ವ್ಯಾಜ್ಯವಿರುವುದು, ಫ್ಯಾಂಟಸಿಯೆಂದರೆ ಕನಿಷ್ಠ ಮೂರು ಸಂಪುಟಗಳಾದರೂ ಇರಲೇಬೇಕೆನ್ನುವ ಸಂಪ್ರದಾಯದವರೊಡನೆ. ಇವರ ಆದಿಗುರುವೆನಿಸಿದ ಟೋಲ್ಕೀನರು ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಅನ್ನು ಏಕಗ್ರಂಥವೆಂದೇ ಬರೆದಿದ್ದರು. ಯುದ್ಧಾನಂತರದ ಇಂಗ್ಲೆಂಡಿನಲ್ಲಿ ಕಾಗದವೂ ಮುದ್ರಣವೂ ದುಬಾರಿಯಾಗಿದ್ದುದರಿಂದ, ನಷ್ಟಕ್ಕೆ ಅಂಜಿದ ಪ್ರಕಾಶಕರು ಅದನ್ನು 1954-55ರಲ್ಲಿ ಮೂರು ಭಾಗಗಳಾಗಿ ಹೊರತಂದರು. ಹೀಗೆ ಜಮಾಖರ್ಚಿನ ಪುಸ್ತಕದಲ್ಲಿ ಜನಿಸಿದ ಅನಿವಾರ್ಯತೆಯನ್ನೇ ಅನುಯಾಯಿಗಳು ಪ್ರಕಾರದ ಲಕ್ಷಣವೆಂದು ಭಾವಿಸಿ, ಆದಿಯಲ್ಲಿ ಭೂಪಟ, ಅಂತ್ಯದಲ್ಲಿ ವಂಶಾವಳಿ, ನಡುವೆ ನಡೆದು ನಡೆದು ಬಳಲುವ ಪಾತ್ರಗಳು ಎಂಬ ಕ್ರಮವನ್ನು ಸ್ಥಿರಪಡಿಸಿಬಿಟ್ಟರು. 1990ರಲ್ಲಿ ಆರಂಭವಾದ ರಾಬರ್ಟ್ ಜೋರ್ಡನ್ ಅವರ ‘ದಿ ವೀಲ್ ಆಫ್ ಟೈಮ್’ ಹದಿನಾಲ್ಕು ಸಂಪುಟಗಳಿಗೆ ಬೆಳೆದು, 2007ರಲ್ಲಿ ಲೇಖಕರು ತೀರಿಕೊಂಡ ಬಳಿಕ ಬ್ರಾಂಡನ್ ಸ್ಯಾಂಡರ್ಸನ್ ಅವರ ಕೈಯಲ್ಲಿ 2013ಕ್ಕೆ ಸಮಾಪ್ತವಾಯಿತು. ಲೇಖಕನ ಆಯುಷ್ಯವನ್ನೇ ಮೀರುವ ಕೃತಿಯನ್ನು ಹೊಸ ಓದುಗನ ಕೈಗಿಡುವುದು ಶಿಫಾರಸಲ್ಲ, ಶಿಕ್ಷೆ.

ನನ್ನನ್ನು ಕೇಳಿದವರಿಗೆ ನಾನು ಸೂಚಿಸುವುದು, 1971ರಲ್ಲಿ ಪ್ರಕಟವಾದ ಅರ್ಸುಲಾ ಲೆ ಗ್ವಿನ್ ಅವರ ‘ದಿ ಟೂಂಬ್ಸ್ ಆಫ್ ಅಟುವಾನ್’ ಎಂಬ ಕಿರುಗಾತ್ರದ ಕಾದಂಬರಿಯನ್ನು. ಅರ್ಥ್‌ಸೀ ಮಾಲೆಯಲ್ಲಿ ಅದು ಎರಡನೆಯದಲ್ಲವೆ ಎಂದರೆ, ಹೌದು. ಆದರೆ 1968ರ ಮೊದಲ ಪುಸ್ತಕದ ನಾಯಕನಾದ ಗೆಡ್ ಇಲ್ಲಿನ ಮೊದಲ ನಾಲ್ಕು ಅಧ್ಯಾಯಗಳಲ್ಲಿ ಮುಖವನ್ನೇ ತೋರಿಸುವುದಿಲ್ಲ. ಆ ಅಧ್ಯಾಯಗಳೆಲ್ಲ ಟೆನಾರಳವು. ಮೃತಳಾದ ಪ್ರಧಾನ ಅರ್ಚಕಿಯೇ ಮರಳಿ ಹುಟ್ಟಿರುವಳೆಂಬ ನಂಬಿಕೆಗೆ ಆಹುತಿಯಾಗಿ, ಐದನೆಯ ವಯಸ್ಸಿನಲ್ಲಿ ತಾಯಿಯಿಂದ ಅಗಲಿ, ಅನಂತರ ತನ್ನ ಹೆಸರನ್ನೂ ಕಳೆದುಕೊಂಡ ಈ ಬಾಲಿಕೆ, ದೀಪವನ್ನು ತರುವುದೇ ಮಹಾಪಾತಕವೆನಿಸಿದ ಗುಹೆಯೊಂದಕ್ಕೆ ಒಡತಿಯಾಗುತ್ತಾಳೆ. ಬೆರಳ ಸ್ಪರ್ಶದಿಂದಲೂ ತಿರುವುಗಳ ಎಣಿಕೆಯಿಂದಲೂ ಮಾತ್ರ ಆಕೆ ಬಲ್ಲ ಆ ಪಾತಾಳದೊಳಕ್ಕೆ ಪರದೇಶಿಯೊಬ್ಬನು ಕಳ್ಳನಾಗಿ ಬಂದಾಗ, ಅವನ ದಂಡದ ತುದಿಯ ಬೆಳಕಿನಲ್ಲಿ, ತಾನು ಆಳುವ ಗುಹೆಯ ಗೋಡೆಗಳು ಸ್ಫಟಿಕಮಯವೆಂಬುದನ್ನು ಆಕೆ ಮೊತ್ತಮೊದಲು ಕಾಣುತ್ತಾಳೆ. ಪವಿತ್ರವೆಂದು ನಂಬಿದ್ದ ಕತ್ತಲೆಯು ಅವಳಿಂದ ಏನನ್ನು ಮರೆಮಾಚಿತ್ತೆಂಬುದನ್ನು ಲೇಖಕಿ ವ್ಯಾಖ್ಯಾನಿಸಲು ಹೋಗುವುದಿಲ್ಲ. ದಪ್ಪ ಸಂಪುಟದವರಾಗಿದ್ದರೆ ಆ ಸ್ಫಟಿಕದ ಚರಿತ್ರೆಗೇ ಒಂದು ಅಧ್ಯಾಯವನ್ನು ಮೀಸಲಿಡುತ್ತಿದ್ದರು. ಲೆ ಗ್ವಿನ್ ಅವರ ಗ್ರಂಥದಲ್ಲಿಯೂ ಭೂಪಟವುಂಟೆಂದು ಪ್ರತಿಪಕ್ಷದವರು ಆಕ್ಷೇಪಿಸಬಹುದು. ಉಂಟು; ಅದನ್ನು ನೋಡದೆಯೂ ಓದಬಹುದು.

ಇದು ಹಿಡಿಸಿದವರು ಮೊದಲ ಪುಸ್ತಕಕ್ಕೆ ನಿಶ್ಚಿಂತೆಯಿಂದ ಹಿಂದಿರುಗಲಿ. ಟೆನಾರಳು ವಿಧವೆಯಾಗಿ, ಬೆಳೆದ ಮಕ್ಕಳ ತಾಯಿಯಾಗಿ ಮರಳಿ ಬರುವ 1990ರ ‘ಟೆಹಾನು’ವನ್ನು ಮಾತ್ರ ನಲವತ್ತು ದಾಟಿದ ಮೇಲೆ ಓದುವುದು ಲೇಸು.