ಕರ್ತೃ ಯಾರು? ಸ್ವತಂತ್ರ ಚಲನಚಿತ್ರ ನಿರ್ಮಾಣದ ಕರಾರು, ಕಾನೂನು ಮತ್ತು ಹಾವೇರಿ ಸೀಮೆ

2023ರ ಜನವರಿ 6ರಿಂದ 8ರವರೆಗೆ ಹಾವೇರಿಯಲ್ಲಿ ಜರುಗಿದ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ದೊಡ್ಡರಂಗೇಗೌಡರು ಅಧ್ಯಕ್ಷರಾಗಿದ್ದರು. ಚಿತ್ರಗೀತೆಗಳಿಂದ ಮನೆಮಾತಾದ ಕವಿಯೊಬ್ಬರು ಸಾಹಿತ್ಯದ ಆ ಪೀಠವನ್ನು ಅಲಂಕರಿಸಿದ್ದು, ಚಿತ್ರಗೀತೆಯೂ ಸಾಹಿತ್ಯವೇ ಎಂಬ ಬಹುದಿನದ ವಾದಕ್ಕೆ ದೊರೆತ ಮನ್ನಣೆಯೆಂದು ಭಾವಿಸಬಹುದು. ಆದರೆ ಆ ಗೀತೆಯ ಸ್ವಾಮ್ಯ ಯಾರದು ಎಂಬ ಪ್ರಶ್ನೆಯನ್ನು ನಮ್ಮ ವಿಮರ್ಶೆ ಅಷ್ಟೇ ಆಸಕ್ತಿಯಿಂದ ಕೇಳಿಲ್ಲ. ಕಥಾವಸ್ತು, ಬಿಂಬವಿಧಾನ, ಸಾಮಾಜಿಕ ಆಶಯಗಳನ್ನು ಕುರಿತು ಪುಟಗಟ್ಟಲೆ ಬರೆದ ನಾವು, ಚಿತ್ರವೊಂದರ ಬದುಕು ಸಾವುಗಳನ್ನು ನಿರ್ಧರಿಸುವ ಕರಾರುಪತ್ರವನ್ನು ಗುಮಾಸ್ತರ ಕೆಲಸವೆಂದು ಬದಿಗಿಟ್ಟಿದ್ದೇವೆ. ಸ್ವತಂತ್ರ ನಿರ್ಮಾಣದ ಚಿತ್ರಗಳ ಮಟ್ಟಿಗಾದರೂ ಕರಾರುಪತ್ರವೂ ವಿಮರ್ಶೆಯ ಪಠ್ಯವೇ ಆಗಬೇಕೆಂಬ ನಿಲುವಿನಿಂದ ಪ್ರಸ್ತುತ ಲೇಖನವನ್ನು ಬರೆಯಲಾಗಿದೆ. ಇದಕ್ಕೆ ಆಧಾರವಾಗಿ ಹಾವೇರಿ ಸೀಮೆಯ ಸಂತರನ್ನು ಕುರಿತ ಚಿತ್ರಗಳನ್ನೂ ಈ ಸೀಮೆಯ ವ್ಯಾಪಾರಪದ್ಧತಿಗಳನ್ನೂ ಆರಿಸಿಕೊಳ್ಳಲಾಗಿದೆ.

ಮೊದಲ ತೊಡಕು 'ಕರ್ತೃ' ಎಂಬ ಪದದಲ್ಲಿಯೇ ಇದೆ. ಹೊಸ ಅಲೆಯ ಚಿತ್ರಗಳ ಚರ್ಚೆಯೊಂದಿಗೆ ನಿರ್ದೇಶಕನೇ ಚಿತ್ರದ ಕರ್ತೃ ಎಂಬ ತಿಳಿವಳಿಕೆ ನಮ್ಮಲ್ಲಿ ನೆಲೆಯೂರಿತು. 1957ರ ಕೃತಿಸ್ವಾಮ್ಯ ಅಧಿನಿಯಮ ಹೇಳುವುದು ಬೇರೆ. ಅದರ 2ನೆಯ ಕಲಮಿನ ಪ್ರಕಾರ ಚಲನಚಿತ್ರದ ಕರ್ತೃ ನಿರ್ಮಾಪಕ. ಚಿತ್ರವನ್ನು ಮಾಡುವ ಉಪಕ್ರಮವನ್ನೂ ಹೊಣೆಯನ್ನೂ ಯಾರು ವಹಿಸುತ್ತಾರೋ ಅವರೇ ನಿರ್ಮಾಪಕರು. ವಿಮರ್ಶೆಯ ಕರ್ತೃ ಒಬ್ಬ, ಕಾನೂನಿನ ಕರ್ತೃ ಇನ್ನೊಬ್ಬ. 1977ರಲ್ಲಿ ತೆರೆಕಂಡ 'ಘಟಶ್ರಾದ್ಧ'ವನ್ನು ನಾವು ಗಿರೀಶ ಕಾಸರವಳ್ಳಿಯವರ ಕೃತಿಯೆಂದು ಓದುತ್ತೇವೆ. ಕಾನೂನಿನ ದೃಷ್ಟಿಯಲ್ಲಿ ಅದರ ಕರ್ತೃ ನಿರ್ಮಾಪಕ ಸದಾನಂದ ಸುವರ್ಣ. ಆ ಚಿತ್ರದ ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ಇಂಥ ಪುನರುಜ್ಜೀವನಕ್ಕೆ ಮೂಲ ನೆಗೆಟಿವ್ ಉಳಿದಿರಬೇಕು, ಜೊತೆಗೆ ಒಪ್ಪಿಗೆ ಕೊಡಬಲ್ಲ ಹಕ್ಕುದಾರರು ಗೊತ್ತಿರಬೇಕು. ಎರಡರಲ್ಲೊಂದು ಇಲ್ಲದಿದ್ದರೂ ಕಲೆಯ ಶ್ರೇಷ್ಠತೆ ಕೆಲಸಕ್ಕೆ ಬಾರದು.

ಗೀತರಚನಕಾರ ಮತ್ತು ಸಂಗೀತಗಾರರ ಸ್ಥಿತಿ ಬಹುಕಾಲ ಇನ್ನೂ ದುರ್ಬಲವಾಗಿತ್ತು. 1977ರಲ್ಲಿ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಹಣ ಪಡೆದು ಚಿತ್ರಕ್ಕಾಗಿ ರಚಿಸಿಕೊಟ್ಟ ಗೀತ ಸಂಗೀತಗಳ ಮೊದಲ ಸ್ವಾಮ್ಯ, ಬೇರೆ ಕರಾರಿಲ್ಲದ ಪಕ್ಷದಲ್ಲಿ, ನಿರ್ಮಾಪಕನದೇ ಎಂದು ತೀರ್ಪಿತ್ತಿತು. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಪ್ರತ್ಯೇಕ ಟಿಪ್ಪಣಿಯೊಂದನ್ನು ಬರೆದು ಕಲಾವಿದರ ಹಿತದ ಕಡೆಗೆ ಶಾಸಕರ ಗಮನ ಸೆಳೆದರು. ಅದು ಫಲಿಸಲು ಮೂವತ್ತೈದು ವರ್ಷ ಬೇಕಾಯಿತು. 2012ರ ತಿದ್ದುಪಡಿಯ ನಂತರ, ಚಿತ್ರಮಂದಿರದ ಪ್ರದರ್ಶನವನ್ನು ಹೊರತುಪಡಿಸಿ ಇತರ ಬಳಕೆಗಳಿಂದ ಬರುವ ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಗೀತರಚನಕಾರನಾಗಲಿ ಸಂಗೀತ ಸಂಯೋಜಕನಾಗಲಿ ನಿರ್ಮಾಪಕನಿಗೆ ಬರೆದುಕೊಡಲು ಬರುವುದಿಲ್ಲ. ಬರೆದುಕೊಟ್ಟರೂ ಅದು ಊರ್ಜಿತವಾಗದು.

ಈಗ ಹಾವೇರಿಗೆ ಬರೋಣ. 1997ರವರೆಗೆ ಧಾರವಾಡ ಜಿಲ್ಲೆಯ ಭಾಗವಾಗಿದ್ದ ಈ ಸೀಮೆ ಕನ್ನಡ ಚಿತ್ರರಂಗಕ್ಕೆ ಚಿತ್ರನಗರಿಯನ್ನಾಗಲಿ ಬಂಡವಾಳವನ್ನಾಗಲಿ ಕೊಡಲಿಲ್ಲ, ವಸ್ತುವನ್ನು ಕೊಟ್ಟಿತು. ಬಾಡದ ಕನಕದಾಸರನ್ನು ಕುರಿತ 'ಭಕ್ತ ಕನಕದಾಸ' 1960ರಲ್ಲಿ, ಅಬಲೂರಿನೊಡನೆ ಹೆಸರು ಬೆಸೆದುಕೊಂಡಿರುವ ಸರ್ವಜ್ಞನನ್ನು ಕುರಿತ 'ಸರ್ವಜ್ಞಮೂರ್ತಿ' 1965ರಲ್ಲಿ ತೆರೆಗೆ ಬಂದವು. ಟಿ. ಎಸ್. ನಾಗಾಭರಣರ 'ಸಂತ ಶಿಶುನಾಳ ಷರೀಫ' 1990ರದು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದ ಪಂಚಾಕ್ಷರ ಗವಾಯಿಗಳ ಜೀವನವನ್ನು ವೃತ್ತಿರಂಗಭೂಮಿಯ ಮನೆತನದಿಂದ ಬಂದ ಚಿಂದೋಡಿ ಬಂಗಾರೇಶ್ 1995ರಲ್ಲಿ ಚಿತ್ರಿಸಿದರು. ಅದರ ಸಂಗೀತಕ್ಕಾಗಿ ಹಂಸಲೇಖರಿಗೂ ಗಾಯನಕ್ಕಾಗಿ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಸಂದಿತು. ಈ ನಾಲ್ವರ ಬದುಕಿನ ಮೇಲೂ ಯಾರಿಗೂ ಸ್ವಾಮ್ಯವಿಲ್ಲ. ಕನಕದಾಸರ ಕೀರ್ತನೆಗೆ, ಸರ್ವಜ್ಞನ ತ್ರಿಪದಿಗೆ ಅನುಮತಿ ಕೇಳಬೇಕಾದ ಕಛೇರಿಯಿಲ್ಲ. ಯಾರದೂ ಅಲ್ಲದ ಸಾಮಗ್ರಿ ಚಿತ್ರವಾಗುವ ಹಾದಿಯಲ್ಲಿ ಯಾರದೋ ಸ್ವತ್ತಾಗುವ ಬಗೆಯೇ ಇಲ್ಲಿ ವಿಚಾರಣೀಯ.

ಷರೀಫರ ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು. ಗುರು ಗೋವಿಂದಭಟ್ಟರ ಪಾತ್ರದಲ್ಲಿ ಗಿರೀಶ ಕಾರ್ನಾಡರೂ ಷರೀಫರ ಪಾತ್ರದಲ್ಲಿ ಶ್ರೀಧರ್ ಅವರೂ ನಟಿಸಿದ, ರಾಷ್ಟ್ರೀಯ ಭಾವೈಕ್ಯಕ್ಕಾಗಿ ನರ್ಗಿಸ್ ದತ್ ಪ್ರಶಸ್ತಿ ಪಡೆದ ಈ ಚಿತ್ರದ ನಿಜವಾದ ಬೆನ್ನೆಲುಬು ಹಾಡುಗಳು. ನನ್ನ ಅಭಿಪ್ರಾಯದಲ್ಲಿ ಚಿತ್ರಕಥೆ ಸಡಿಲವಾದ ಕಡೆಗಳಲ್ಲೆಲ್ಲ ಅದನ್ನು ಎತ್ತಿ ನಿಲ್ಲಿಸಿದ್ದು ಸಿ. ಅಶ್ವಥ್ ಅವರ ಸಂಗೀತ. 1889ರಲ್ಲಿ ತೀರಿಕೊಂಡ ಷರೀಫರ ಪದಗಳು ಸಾರ್ವಜನಿಕ ಸ್ವತ್ತು. ಅಶ್ವಥ್ ಅವರ ಧಾಟಿ ಹಾಗಲ್ಲ. ಸಂಗೀತಕೃತಿಯ ಸ್ವಾಮ್ಯ ರಚಿಸಿದವರು ತೀರಿಕೊಂಡ ಮುಂದಿನ ವರ್ಷದಿಂದ ಅರವತ್ತು ವರ್ಷ ಉಳಿಯುವುದರಿಂದ, 2009ರ ಡಿಸೆಂಬರ್ 29ರಂದು ನಿಧನರಾದ ಅಶ್ವಥ್ ಅವರ ಸಂಯೋಜನೆಗಳಿಗೆ 2069ರ ಕೊನೆಯವರೆಗೂ ರಕ್ಷಣೆಯಿದೆ. (ಅಂದು ಅವರ ಎಪ್ಪತ್ತನೆಯ ಹುಟ್ಟುಹಬ್ಬ. ಷರೀಫರೂ ಹುಟ್ಟಿದ ದಿನವೇ ದೇಹ ಬಿಟ್ಟರೆಂಬ ಪ್ರತೀತಿ ಇರುವುದು ಸೋಜಿಗ.) ಆ ಸ್ವಾಮ್ಯವನ್ನು ಇಂದು ಯಾರು ಹೊಂದಿದ್ದಾರೆಂಬುದು ಆಯಾ ಕರಾರಿನ ಮಾತು. ಚಿತ್ರದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ ಅರವತ್ತು ವರ್ಷ, ಅಂದರೆ 2050ರ ಕೊನೆಯವರೆಗೆ. ಅದರೊಂದಿಗೇ ಹೊರಬಂದ ಧ್ವನಿಮುದ್ರಣದ ಹಕ್ಕೂ ಅಷ್ಟೇ, ಆದರೆ ಅದು ಪ್ರತ್ಯೇಕ ಹಕ್ಕು.

ಪರಿಣಾಮವೇನು? ಶಿಗ್ಗಾಂವಿ ತಾಲೂಕಿನ ಯುವಕನೊಬ್ಬ ಷರೀಫರನ್ನು ಕುರಿತು ಸಣ್ಣ ಬಂಡವಾಳದ ಚಿತ್ರ ಮಾಡಲು ಹೊರಟರೆ, ಪದ ಬಿಟ್ಟಿಯಾಗಿ ದೊರೆಯುತ್ತದೆ, ಪ್ರೇಕ್ಷಕನ ಕಿವಿಯಲ್ಲಿ ನೆಲೆನಿಂತಿರುವ ಧಾಟಿಗೆ ಹಣ ತೆರಬೇಕಾಗುತ್ತದೆ. ತಪ್ಪೇನಿಲ್ಲ, ಧಾಟಿಯೂ ದುಡಿಮೆಯೇ. ಆದರೆ ಕ್ಯಾಸೆಟ್ಟಿನ ಕಾಲಕ್ಕೆ ಮೊದಲೇ ಈ ಪದಗಳನ್ನು ಏಕತಾರಿ ದಮ್ಮಡಿಗಳೊಡನೆ ಹಾಡಿಕೊಂಡು ಬಂದ ಭಜನಾಮೇಳಗಳ ಧಾಟಿಗಳಿಗೆ ಕಾನೂನಿನಲ್ಲಿ ಒಡೆಯರಿಲ್ಲ. ಹೊಸ ಚಿತ್ರಕಾರನು ಆ ಧಾಟಿಯನ್ನು ಎತ್ತಿಕೊಂಡರೆ ಯಾರಿಗೂ ಚಿಕ್ಕಾಸು ಕೊಡಬೇಕಾಗಿಲ್ಲ. ಸಂಪ್ರದಾಯ ಬಡವಾಗಿಯೇ ಉಳಿದು, ಅದರಿಂದ ಹುಟ್ಟಿದ ಧ್ವನಿಮುದ್ರಣ ಮಾತ್ರ ಆಸ್ತಿಯಾಗುವ ಈ ವೈಪರೀತ್ಯಕ್ಕೆ ಕಾನೂನು ಪೂರ್ಣ ಪರಿಹಾರ ಕೊಟ್ಟಿಲ್ಲವಾದರೂ ಒಂದು ಬಾಗಿಲು ತೆರೆದಿಟ್ಟಿದೆ. ಧಾಟಿಗೆ ಹಕ್ಕಿಲ್ಲದಿದ್ದರೂ ಹಾಡಿದವನಿಗೆ ಹಕ್ಕಿದೆ. ಕಲಂ 38 ಮತ್ತು 2012ರಲ್ಲಿ ಸೇರಿದ 38ಎ ಪ್ರಕಾರ, ಭಜನೆಕಾರನ ಗಾಯನವನ್ನು ಮುದ್ರಿಸಲು ಅವನ ಒಪ್ಪಿಗೆ ಬೇಕು. ಚಿತ್ರಕ್ಕೆ ಲಿಖಿತ ಒಪ್ಪಿಗೆ ಕೊಟ್ಟಮೇಲೂ ವಾಣಿಜ್ಯ ಬಳಕೆಯ ರಾಯಲ್ಟಿಗೆ ಅವನು ಬಾಧ್ಯಸ್ಥ.

ಇಲ್ಲಿ ಒಂದು ಸೂಕ್ಷ್ಮವಿದೆ. ಪ್ರಾಸಂಗಿಕವಾಗಿ ಬಂದುಹೋಗುವ, ಉದ್ಯಮದ ವಾಡಿಕೆಯಂತೆ ಹೆಸರಿನ ಪಟ್ಟಿಯಲ್ಲೂ ಕಾಣಿಸದ ಕಲಾವಿದನನ್ನು ಅದೇ ತಿದ್ದುಪಡಿ 'ಪ್ರದರ್ಶಕ'ನೆಂದು ಪರಿಗಣಿಸುವುದಿಲ್ಲ. ತನ್ನ ಪ್ರದರ್ಶನವನ್ನು ವಿರೂಪಗೊಳಿಸಿದರೆ ಆಕ್ಷೇಪಿಸುವ ಹಕ್ಕೊಂದೇ ಅವನಿಗೆ ಉಳಿಯುವುದು. 'ಸ್ಥಳೀಯ ಕಲಾವಿದರು' ಎಂಬ ಒಂದೇ ಸಾಲಿನಲ್ಲಿ ಇಡೀ ಮೇಳವನ್ನು ಮುಗಿಸುವ ರೂಢಿಯನ್ನು ಈ ಬೆಳಕಿನಲ್ಲಿ ನೋಡಬೇಕು. ಶೀರ್ಷಿಕೆಯ ಪಟ್ಟಿಯಲ್ಲಿ ಹೆಸರು ಹಾಕುವುದು ಸೌಜನ್ಯವೆಂದು ನಾವು ತಿಳಿದಿದ್ದೇವೆ. ಅದು ಹಕ್ಕಿನ ದಾಖಲೆಯೂ ಹೌದು. ಜನಪದ ಸಾಮಗ್ರಿಯ ಚಿತ್ರಗಳನ್ನು ವಿಮರ್ಶಿಸುವಾಗ ಕೊನೆಯ ಪಟ್ಟಿಯನ್ನು ಓದದೆ ಎದ್ದುಬರುವವನು ಅರ್ಧ ಚಿತ್ರ ನೋಡಿದಂತೆ.

ಕತೆ, ಸಂಭಾಷಣೆಗಳ ವಿಷಯದಲ್ಲಿ ರಾಣೆಬೆನ್ನೂರಿನ ಬೀಜೋತ್ಪಾದನೆಯ ಪದ್ಧತಿ ನೆನಪಾಗುತ್ತದೆ. ಕಂಪನಿಯು ಮೂಲಬೀಜ ಕೊಡುತ್ತದೆ, ರೈತ ತನ್ನ ಹೊಲದಲ್ಲಿ ಹೂವಿಗೆ ಹೂವು ಮುಟ್ಟಿಸಿ ಹೈಬ್ರಿಡ್ ಬೀಜ ಬೆಳೆಯುತ್ತಾನೆ, ಪರೀಕ್ಷೆಯಲ್ಲಿ ತೇರ್ಗಡೆಯಾದ ಮಾಲು ಕಂಪನಿಗೇ ಹಿಂದಿರುಗುತ್ತದೆ. ಸಂಬಳಕ್ಕೆ ಸಂಭಾಷಣೆ ಬರೆಯುವವನ ಸ್ಥಿತಿ ಇದೇ. ಆದರೆ ಕಾದಂಬರಿಕಾರನ ಸ್ಥಿತಿ ಹಾಗಲ್ಲ, ಮೂಲಬೀಜ ಅವನದು. ಆತ ಬರೆದುಕೊಡುವ ಹಕ್ಕುಪತ್ರದಲ್ಲಿ ಅವಧಿ ನಮೂದಾಗದಿದ್ದರೆ ಕಲಂ 19ರಂತೆ ಅದು ಐದು ವರ್ಷಕ್ಕೆ ಸೀಮಿತ; ಪ್ರದೇಶ ನಮೂದಾಗದಿದ್ದರೆ ಭಾರತಕ್ಕೆ ಸೀಮಿತ; ಬೇರೆ ಮಾತಿಲ್ಲದಿದ್ದರೆ ಒಂದು ವರ್ಷದೊಳಗೆ ಬಳಸದ ಹಕ್ಕು ಬಿದ್ದುಹೋಗುತ್ತದೆ. ಹಣ ಹೊಂದಿಸಲು ಮೂರು ವರ್ಷ, ಬಿಡುಗಡೆಗೆ ಮತ್ತೆರಡು ವರ್ಷ ತೆಗೆದುಕೊಳ್ಳುವ ಸ್ವತಂತ್ರ ನಿರ್ಮಾಪಕನಿಗೆ, ಸ್ನೇಹದ ಮೇಲೆ ಪಡೆದ ಒಂದು ಪುಟದ ಒಪ್ಪಿಗೆಪತ್ರ ವಿದೇಶೀ ಚಿತ್ರೋತ್ಸವದ ಬಾಗಿಲಲ್ಲಿ ನಿರುಪಯುಕ್ತವಾಗುವುದು ಹೀಗೆ.

ಬಂಡವಾಳದ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡಬಹುದು. 1934ರ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ಕ್ಕೆ ಹಣ ಹೂಡಿದವರು ಬೆಂಗಳೂರಿನ ವರ್ತಕ ಚಮನ್‌ಲಾಲ್ ಡುಂಗಾಜಿ. ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಪಟ್ಟಾಭಿರಾಮ ರೆಡ್ಡಿಯವರು ತಾವೇ ನಿರ್ಮಿಸಿ ನಿರ್ದೇಶಿಸಿದ 'ಸಂಸ್ಕಾರ' ಮದರಾಸಿನ ಸೆನ್ಸಾರ್ ಮಂಡಳಿಯ ನಿಷೇಧವನ್ನು ದಾಟಿ 1970ರ ಸ್ವರ್ಣಕಮಲ ಪಡೆಯಿತು. ಅಂಥ ನಿರಾಕರಣೆ ಇಂದು ಎದುರಾದರೆ, 2021ರಲ್ಲಿ ಮೇಲ್ಮನವಿ ನ್ಯಾಯಾಧಿಕರಣ ರದ್ದಾಗಿರುವುದರಿಂದ, ಉಚ್ಚ ನ್ಯಾಯಾಲಯವೇ ಗತಿ. 2013ರ 'ಲೂಸಿಯಾ'ದಲ್ಲಿ ಪವನ್ ಕುಮಾರ್ ಬೇರೆಯೇ ದಾರಿ ಹಿಡಿದರು. ಅಂತರ್ಜಾಲದ ಮೂಲಕ ಸುಮಾರು 110 ಜನರಿಂದ ಒಂದು ತಿಂಗಳೊಳಗೆ ಐವತ್ತು ಲಕ್ಷಕ್ಕೂ ಮಿಕ್ಕ ಹಣ ಕೂಡಿತು. ಪ್ರೇಕ್ಷಕನೇ ಬಂಡವಾಳಗಾರನಾದ ಈ ಪ್ರಯೋಗವನ್ನು ನಮ್ಮ ಪತ್ರಿಕೆಗಳು ಹೊಗಳಿದವು. ಅದರಲ್ಲಿ ಅಡಗಿದ ಕಾನೂನಿನ ಪ್ರಶ್ನೆಯನ್ನು ಹೆಚ್ಚಿನವರು ಮುಟ್ಟಲಿಲ್ಲ: ಹಣ ಕೊಟ್ಟವನು ಸಾಲಗಾರನೋ, ಪಾಲುದಾರನೋ, ದಾನಿಯೋ?

ಸಣ್ಣ ಊರುಗಳಲ್ಲಿ ಈ ಪ್ರಶ್ನೆ ಇನ್ನೂ ತೀವ್ರ. ಅಲ್ಲಿ ಚಿತ್ರದ ಹಣ ಕೂಡುವುದು ಬೀಗರು, ಗೆಳೆಯರು, ಅಡತಿ ಅಂಗಡಿಯವರ ಕೈಗಡದಿಂದ. ಲಾಭದಲ್ಲಿ ಪಾಲು ಕೊಡುತ್ತೇನೆಂದು ಹೇಳಿ ಹಣ ಪಡೆದ ಮಾತ್ರಕ್ಕೆ ಪಾಲುದಾರಿಕೆ ಆಗಲೇಬೇಕೆಂದಿಲ್ಲ. ಆದರೆ ವ್ಯವಹಾರವನ್ನು ಕೂಡಿ ನಡೆಸಿದ್ದು ಸಾಬೀತಾದರೆ 1932ರ ಪಾಲುದಾರಿಕೆ ಅಧಿನಿಯಮದಂತೆ ಪ್ರತಿಯೊಬ್ಬನೂ ಸಂಸ್ಥೆಯ ಇಡೀ ಸಾಲಕ್ಕೆ ಹೊಣೆ. ಎರಡು ಎಕರೆ ಹೊಲದವನು ಚಿತ್ರದಲ್ಲಿ ಐವತ್ತು ಸಾವಿರ ತೊಡಗಿಸಿ, ಆ ಹೊಲವನ್ನೇ ಅಪಾಯಕ್ಕೆ ಒಡ್ಡಿರುತ್ತಾನೆ. ನೋಂದಾಯಿಸದ ಸಂಸ್ಥೆಯಾದರೆ ಕಲಂ 69ರ ಅಡ್ಡಿ ಬೇರೆ: ಹಣ ಬಾಕಿ ಉಳಿಸಿಕೊಂಡ ಹಂಚಿಕೆದಾರನ ಮೇಲೆ ಕರಾರಿನ ಆಧಾರದಿಂದ ದಾವೆ ಹೂಡುವಂತಿಲ್ಲ. 2008ರ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ ಅಧಿನಿಯಮ ಇದಕ್ಕೆ ಸುಲಭ ಉತ್ತರ ಕೊಟ್ಟಿದೆ.

ಹಂಚಿಕೆಯ ಕಡೆಗೆ ತಿರುಗಿದರೆ ಬ್ಯಾಡಗಿ ಕಣ್ಣಿಗೆ ಬೀಳುತ್ತದೆ. ಸೋಮವಾರ, ಗುರುವಾರ ಇಲ್ಲಿಯ ಮಾರುಕಟ್ಟೆಗೆ ಬರುವ ಮೆಣಸಿನಕಾಯಿ ಚೀಲಗಳಿಗೆ ಲಾಟ್ ಸಂಖ್ಯೆ ಬೀಳುತ್ತದೆ, ಖರೀದಿದಾರರು ಟೆಂಡರ್ ಹಾಕುತ್ತಾರೆ, ತೂಕವಾಗುತ್ತದೆ, ದರ, ತೂಕ, ಕಡಿತಗಳನ್ನು ಬರೆದ ಪಟ್ಟಿ ರೈತನ ಕೈಸೇರುತ್ತದೆ. ಈ ವ್ಯವಸ್ಥೆ ನಿರ್ದೋಷವೆಂದಲ್ಲ. ದರ ಕುಸಿದ 2024ರ ಮಾರ್ಚ್ 11ರಂದು ರೈತರ ಆಕ್ರೋಶ ಮಾರುಕಟ್ಟೆ ಸಮಿತಿಯ ಕಛೇರಿಗೆ ಬೆಂಕಿ ಬೀಳುವಷ್ಟು ಉರಿಯಿತು. ಆದರೂ ರೈತನಿಗೆ ತೋರಿಸಲು ಒಂದು ಪಟ್ಟಿಯಿದೆ, ದೂರು ಕೊಡಲು ಕಾನೂನಿನಿಂದ ರಚಿತವಾದ ಒಂದು ಸಮಿತಿಯಿದೆ. ಚಿತ್ರನಿರ್ಮಾಪಕನಿಗೆ ಅಂಥದೇನಿದೆ?

ಹಂಚಿಕೆಯ ಕರಾರುಗಳಲ್ಲಿ ಮೂರು ರೂಢಿಗಳು ಮುಖ್ಯ. ಒಂದು ಪ್ರದೇಶದ ಹಕ್ಕನ್ನು ಪೂರ್ತಿಯಾಗಿ ಮಾರುವುದು. ಕನಿಷ್ಠ ಖಾತರಿ ಹಣ ಪಡೆದು ಮಿಕ್ಕದ್ದರಲ್ಲಿ ಪಾಲು ಕೇಳುವುದು. ಮುಂಗಡ ಪಡೆದು, ಹಂಚಿಕೆದಾರನ ಕಮಿಷನ್ ಕಳೆದು ಉಳಿದದ್ದಕ್ಕೆ ಕಾಯುವುದು. ಹೊಸಬನಿಗೆ ಮೊದಲೆರಡು ದೊರೆಯುವುದು ದುರ್ಲಭ. ಏಕಪರದೆಯ ಚಿತ್ರಮಂದಿರಗಳಲ್ಲಿ ಕರ್ನಾಟಕದ ರೂಢಿ ವಾರದ ಬಾಡಿಗೆಯದು: ಜನ ಬರಲಿ ಬಿಡಲಿ ಬಾಡಿಗೆ ನಿಗದಿ. ಅದರ ಮೇಲೆ ಡಿಜಿಟಲ್ ಪ್ರಸಾರ ಸಂಸ್ಥೆಯ ಶುಲ್ಕ, ಪ್ರಚಾರದ ವೆಚ್ಚ. ವ್ಯಾಪಾರದ ಭಾಷೆಯಲ್ಲಿ ಇನ್ನೂ 'ಬಾಂಬೆ ಕರ್ನಾಟಕ'ವೆಂದೇ ಕರೆಸಿಕೊಳ್ಳುವ ವಲಯದ ಊರುಗಳಿಂದ ದಿನದ ಗಳಿಕೆಯ ವರದಿ ಬರುವುದು ಹಂಚಿಕೆದಾರನಿಗೆ. ಅವನು ತೋರಿಸಿದಷ್ಟು ನಿರ್ಮಾಪಕನಿಗೆ. ಲೆಕ್ಕಪತ್ರಗಳನ್ನು ತಪಾಸಣೆ ಮಾಡುವ ಹಕ್ಕನ್ನು ಕರಾರಿನಲ್ಲಿ ಬರೆಸಿಕೊಳ್ಳದವನಿಗೆ ಪಟ್ಟಿ ಕೇಳುವ ಆಧಾರವೇ ಇರುವುದಿಲ್ಲ. 'ಚಿತ್ರ ಓಡಲಿಲ್ಲ' ಎಂಬ ಒಂದು ವಾಕ್ಯದಲ್ಲಿ ನಮ್ಮ ಚಿತ್ರಚರಿತ್ರೆಗಳು ಎಷ್ಟೋ ಒಳ್ಳೆಯ ಚಿತ್ರಗಳನ್ನು ಮುಗಿಸಿಬಿಡುತ್ತವೆ. ಎಷ್ಟು ದಿನದ ಬಾಡಿಗೆ ಕಟ್ಟಲು ಆ ನಿರ್ಮಾಪಕನಿಗೆ ಶಕ್ತಿಯಿತ್ತು ಎಂಬುದನ್ನು ಕೇಳದೆ ಬರೆದ ಆ ವಾಕ್ಯ ಚರಿತ್ರೆಯೆನಿಸದು.

ಬ್ಯಾಡಗಿಯಿಂದ ಇನ್ನೊಂದು ಪಾಠವೂ ಇದೆ. ಬ್ಯಾಡಗಿ ಮೆಣಸಿನಕಾಯಿ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆಯಿತು. ಹೆಸರೇ ಒಂದು ಆಸ್ತಿಯೆಂಬುದು ಇಲ್ಲಿಯ ಬೆಳೆಗಾರನಿಗೆ ಗೊತ್ತು. ಚಿತ್ರದ ಹೆಸರನ್ನು ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸಿದರೆ ಅದೂ ಹಾಗೆಯೇ ಆಸ್ತಿಯಾಯಿತೆಂದು ಹೊಸ ನಿರ್ಮಾಪಕರು ಭಾವಿಸುತ್ತಾರೆ. ಶೀರ್ಷಿಕೆಗೆ ಕೃತಿಸ್ವಾಮ್ಯವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2015ರ ಕೃಷಿಕಾ ಲುಲ್ಲಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಮಂಡಳಿಯ ನೋಂದಣಿ ಉದ್ಯಮದೊಳಗಿನ ಶಿಸ್ತು, ಅಷ್ಟೇ.

ವ್ಯಾಜ್ಯ ಬಂದರೆ ಎಲ್ಲಿಗೆ ಹೋಗಬೇಕು ಎಂಬುದೂ ಕರಾರಿನ ಪ್ರಶ್ನೆಯೇ. ಕೃತಿಸ್ವಾಮ್ಯದ ಉಲ್ಲಂಘನೆಯಾದಾಗ ತಾನು ವಾಸಿಸುವ ಅಥವಾ ವ್ಯವಹಾರ ನಡೆಸುವ ಜಿಲ್ಲೆಯ ನ್ಯಾಯಾಲಯದಲ್ಲಿಯೇ ದಾವೆ ಹೂಡಲು ಕಲಂ 62 ಅವಕಾಶ ಕೊಡುತ್ತದೆ. ಹಾವೇರಿಯ ನಿರ್ಮಾಪಕ ಹಾವೇರಿಯಲ್ಲಿಯೇ ನ್ಯಾಯ ಕೇಳಬಹುದು, ಮೇಲ್ಮನವಿಗೆ 2013ರಿಂದ ಕಾಯಂ ಆಗಿರುವ ಧಾರವಾಡದ ಉಚ್ಚ ನ್ಯಾಯಾಲಯ ಪೀಠವಿದೆ. ಆದರೆ ಹಂಚಿಕೆಯ ಹಣದ ಬಾಕಿ ಉಲ್ಲಂಘನೆಯಲ್ಲ, ಕರಾರಿನ ಭಂಗ. ಅಚ್ಚು ಮಾಡಿಟ್ಟ ಕರಾರಿನ ಕೊನೆಯ ಪುಟದಲ್ಲಿ, ವ್ಯಾಜ್ಯಗಳೆಲ್ಲ ಬೆಂಗಳೂರಿನ ನ್ಯಾಯಾಲಯಗಳಿಗೆ ಮಾತ್ರ ಒಳಪಟ್ಟವು ಎಂಬ ಸಾಲು ಇದ್ದರೆ, ಸಹಿ ಹಾಕಿದವನು ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಊರಿಗೆ ಪ್ರತಿ ತಾರೀಖಿಗೂ ಅಲೆಯಲು ಅಂದೇ ಒಪ್ಪಿರುತ್ತಾನೆ. ಸಹಿ ಮಾಡುವ ಮೊದಲು ಆ ಒಂದು ಸಾಲನ್ನು ಹೊಡೆದುಹಾಕಿಸಿ, ಪಕ್ಕದಲ್ಲಿ ಹಾವೇರಿಯ ಹೆಸರನ್ನು ಬರೆಸಿ, ಇಬ್ಬರೂ ಅದಕ್ಕೆ ಚಿಕ್ಕ ರುಜು ಹಾಕಲು ಐದು ನಿಮಿಷ ಸಾಕು.